ನಿಂಬೆಗಿಡದ ಚೀಟಿ

ಜೀಪು ಬಂದು ನಿಂತಿದ್ದೇ ತಡ, ಮರೆವ್ವ ಮಾಡಿದ ಮೊದಲನೇ ಕೆಲಸ ಏನು ಗೊತ್ತಾ? ಗಿಡ ಮುಚ್ಚಲಿಲ್ಲ, ದುಡ್ಡಿನ ಡಬ್ಬಿ ಬಚ್ಚಿಡಲಿಲ್ಲ. ಹೊಂಗೆ ಮರಕ್ಕೆ ಕಟ್ಟಿದ್ದ ಸೀರೆ ಜೋಲಿ ಹತ್ರ ಓಡಿಹೋಗಿ, ಮಲಗಿದ್ದ ಮೊಮ್ಮಗಳು ಮಹಾದೇವಿಯ ಎಡಗೈಯನ್ನ ಬಟ್ಟೆಯೊಳಗೆ ತೂರಿಸಿಬಿಟ್ಳು. ಮೊನ್ನೆಯಿಂದ ಆ ಕೂಸಿಗೆ ಎಂಥಾ ಜ್ವರ ಅಂತೀರಿ, ಮೈಮೇಲೆ ರೊಟ್ಟಿ ತಟ್ಟಿದ್ರೆ ಬೇಯ್ತಿತ್ತು. ಇವತ್ತು ಬೆಳಿಗ್ಗೆ ತಣ್ಣಗಾಗಿ ಮಲಗಿತ್ತು. ಅದು ಯಾಕೆ ತಣ್ಣಗಾಯ್ತು ಅನ್ನೋದು ಮರೆವ್ವನಿಗೆ ಮಾತ್ರ ಗೊತ್ತಿತ್ತು.

ರಾಜಗೋಪಾಲನಗರದಲ್ಲಿ ಮುಚ್ಚಿಹೋದ ಒಂದು ಫ್ಯಾಕ್ಟರಿ ಗೋಡೆ ಪಕ್ಕ ಅವಳ ಗಿಡದಂಗಡಿ. ಅಂಗಡಿ ಅಂದ್ರೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಕಪ್ಪು ಕವರಲ್ಲಿ ತುಳಸಿ, ದಾಸವಾಳ, ನಿಂಬೆ. ಜೀಪಿಂದ ಇಳಿದೋರು ಗಿಡದ ರೋಗ ನೋಡೋ ಆಫೀಸಿನ ಶೈಲಶ್ರೀ ಮೇಡಂ. ಕೈಗೆ ಗ್ಲೌಸು, ಜೇಬಲ್ಲಿ ಕತ್ತರಿ.

"ನಿಂಬೆಗಿಡ ಮಾರೋರು ನೀವೇನಾ, ಅಜ್ಜಿ?"

"ಹೌದ್ರೀ ಮೇಡಂ. ನಿಮಗಾದ್ರ ಕಮ್ಮಿಗೆ ಕೊಡ್ತೀನ್ರೀ." ಬಾಯಿ ನಗ್ತಿತ್ತು. ಕಾಲು ಮಾತ್ರ ಮೆಲ್ಲಗೆ ಜೋಲಿಗೆ ಅಡ್ಡ ಸರೀತಿತ್ತು.

ಮೇಡಂ ಒಂದು ನಿಂಬೆ ಎಲೆ ತಿರುವಿದ್ರು. ಎಲೆ ತುಂಬಾ ಕಂದು ಚುಕ್ಕಿ, ಕಜ್ಜಿ ಎದ್ದಂಗೆ, ಸುತ್ತ ಹಳದಿ ಬಳೆ. ಅದೇ ಗಿಡದ ಕಾಂಡಕ್ಕೆ ಕರೀ ದಾರದಲ್ಲಿ ಕಟ್ಟಿದ್ದ ಹಳದಿ ಚೀಟಿ, ಅದರ ಮೇಲೆ ದುಂಡನೆ ಸೀಲು.

"ಇದಕ್ಕೆ ಕಜ್ಜಿರೋಗ ಅಜ್ಜಿ. ಈ ಚೀಟಿ ರೋಗ ಇಲ್ದಿರೋ ಗಿಡಕ್ಕೆ ಕೊಡೋದು. ಇದನ್ನ ನಂಬಿ ಒಬ್ಬರು ಇಲ್ಲಿಂದ ಒಯ್ದು ನೆಟ್ಟು, ಈಗ ಅವರ ಇಡೀ ತೋಟಾನೇ ಕಿತ್ತು ಸುಡೋ ಹಂಗಾಗಿದೆ. ಎಲ್ಲಿತ್ತು ಈ ಚೀಟಿ?"

"ನರ್ಸರಿಯಿಂದ ಬಂದ ಛಲೋ ಗಿಡದ್ದರೀ."

"ಮತ್ತೆ ಅದರಿಂದ ಬಿಚ್ಚಿ ಇದಕ್ಕೆ ಯಾಕೆ ಕಟ್ಟಿದ್ರಿ?"

ಬಾಯಾರಿದ್ರೆ ನೀರು ಯಾಕೆ ಕುಡೀತೀಯ ಅಂತ ಕೇಳಿದಂಗಾಯ್ತು ಮರೆವ್ವನಿಗೆ. "ಛಲೋ ಇದ್ದದ್ದಕ್ಕ ಯಾಕ್ರೀ ತಾಯತ? ಜಡ್ಡು ಬಂದದ್ದಕ್ಕ ಕಟ್ಟಬೇಕಲ್ರೀ!"

ಡ್ರೈವರ್ ಈಶಪ್ಪ ಕಿಸಕ್ಕಂತ ನಕ್ಕ. ನಗೋದೇನಿದೆ? ಅವಳ ಊರಲ್ಲಿ ಜ್ವರ ಬಂದ್ರೆ ಮಠದ ಅಜ್ಜಾರು ಏನೋ ಗೀಚಿ ಕಟ್ಟೋರು, ಅದನ್ನೂ ಯಾರೂ ಓದಿದೋರಿಲ್ಲ. ಇದಕ್ಕಾದ್ರೆ ಬಟ್ಟಲಗಲದ ಸರ್ಕಾರಿ ಸೀಲು! ಒಂದ್ಸಲ ಸಾಯಕ್ಕೆ ಬಿದ್ದಿದ್ದ ನಿಂಬೆಗೆ ಅರಿಶಿಣ ಹಚ್ಚಿ ಚೀಟಿ ಕಟ್ಟಿದ್ಳು. ಬೆಳಗಾಗೋದ್ರೊಳಗೆ ಚಿಗುರಿ ಮರ ಆಗಿ, ಬಿಟ್ಟ ಕಾಯಿಗೆ ಒಂದು ಲಾರಿ ಸಾಕಾಗಲಿಲ್ಲ ಅಂತ ಬೀದಿಗೆಲ್ಲಾ ಸಾರಿಕೊಂಡು ಬಂದಿದ್ಳು. ಅವತ್ತಿಂದ ಸೊರಗಿದ ಗಿಡಕ್ಕೆಲ್ಲಾ ಅದೇ ಮದ್ದು.

ಮೇಡಂ ನಗಲಿಲ್ಲ. ಕತ್ತರಿ ತೆಗೆದು ಕಚಕ್, ಕಚಕ್ ಅಂತ ಚೀಟಿ ಕತ್ತರಿಸ್ತಾ ಹೋದ್ರು. "ಚುಕ್ಕಿ ಬಂದಿರೋದನ್ನೆಲ್ಲಾ ಚೀಲಕ್ಕೆ ತುಂಬು, ಈಶಪ್ಪ. ಒಂದೂ ಬಿಡಬೇಡ. ಎಲ್ಲಾ ಸುಡಬೇಕು." ಮರೆವ್ವ ಗಿಡದ ಆಸೆ ಬಿಟ್ಳು. ಸುಟ್ಟುಕೊಳ್ಳಲಿ, ಗಿಡ ನಾಳೆ ಹುಟ್ಟುತ್ತೆ. ಕತ್ತರಿ ಸದ್ದಾದಾಗೆಲ್ಲಾ ಅವಳ ಕಣ್ಣು ಜೋಲಿ ಕಡೆ ಓಡ್ತಿತ್ತು. ಆ ಕೈಲಿರೋದನ್ನ ಬಿಚ್ಚಿದ್ರೆ ಮುಗೀತು, ಬಿಟ್ಟ ಜ್ವರ ತಿರುಗಿ ಬಂದು ಕೂಸನ್ನ ನುಂಗಿಬಿಡುತ್ತೆ. ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೊರಟಿದ್ದ ಮಗಳು, ಆಸ್ಪತ್ರೆಗೆ ತೋರಿಸೋಣವ್ವಾ ಅಂದಾಗ, "ಹೋಗ ಸುಮ್ನ, ಜ್ವರ ನಾ ಬಿಡಿಸೀನಿ" ಅಂತ ಎದೆ ತಟ್ಟಿಕೊಂಡು ಕಳಿಸಿದ್ಳು.

"ಚೀಟಿಗಳ ನಂಬರ್ ಸಾಲು ನೋಡಿದ್ರೆ ಇನ್ನೊಂದು ಇರಬೇಕಲ್ಲ ಅಜ್ಜಿ?"

"ಗಾಳಿಗೆ ಹಾರಿಹೋತ್ರೀ."

ಅಷ್ಟರಲ್ಲಿ ಕೂಸು ನರಳ್ತು. ಜೋಲಿಯಿಂದ ಪುಟ್ಟ ಕೈ ಹೊರಗೆ ಜೋತುಬಿತ್ತು. ಮಣಿಕಟ್ಟಲ್ಲಿ ಕರೀ ದಾರ, ಹಳದಿ ಚೀಟಿ.

ಕತ್ತರಿ ಹಿಡಿದೇ ಮೇಡಂ ಹತ್ರ ಬಂದ್ರು. ಮರೆವ್ವ ಅಡ್ಡ ನಿಂತ್ಳು. "ಗಿಡ ಎಲ್ಲಾ ಸುಡ್ರೀ, ನನ್ನೂ ಜೈಲಿಗೆ ಹಾಕ್ರೀ! ಇದೊಂದು ಬಿಡ್ರೀ. ಕಟ್ಟಿದ ಮ್ಯಾಲನ ಜ್ವರ ಬಿಟ್ಟೈತ್ರೀ!"

"ಚೀಟಿ ರೋಗ ಬಿಡಿಸಲ್ಲ ಅಜ್ಜಿ," ಮೇಡಂ ದನಿ ಇಳೀತು. "ಯಾರಾದ್ರೂ ಒಂದೊಂದು ಎಲೆ ತಿರುವಿ ನೋಡ್ತಾರೆ. ಏನೂ ಇಲ್ಲ ಅಂದ್ರೆ ಮಾತ್ರ ಕಟ್ತಾರೆ. ಅಷ್ಟೇ ಅದು."

ಮರೆವ್ವ ಅವರ ಮುಖಾನೇ ನೋಡಿದ್ಳು. ನಾನು ನೋಡದೇನೇ ಕಟ್ಟಿಬಿಟ್ನಲ್ಲ ಅಂತ ಆಗ ಹೊಳೀತು. ತಾನೇ ಕೂಸನ್ನ ಎತ್ತಿ ಮುಂದಕ್ಕೆ ಹಿಡಿದ್ಳು. "ಹಂಗಾದ್ರ ಇಕಿನ್ನೂ ಒಮ್ಮಿ ತಿರುವಿ ನೋಡ್ರೀ."

ಮೇಡಂ ಗ್ಲೌಸ್ ಕಿತ್ತು ಆ ಕೈ ಹಿಡಿದ್ರು. ಗಡಿಗೆ ನೀರಿನಷ್ಟು ತಣ್ಣಗಿತ್ತು. ಕೆನ್ನೆ ತಟ್ಟಿದ್ರೂ ಕೂಸು ಕಣ್ಣು ಬಿಡಲಿಲ್ಲ. ಚೀಟಿ ಪಕ್ಕಕ್ಕೆ ಸರಿಸಿದ್ರು. ಅದರಡೀಲಿ, ಮೊಣಕೈವರೆಗೂ, ರಾಗಿ ಚೆಲ್ಲಿದಂಗೆ ಕೆಂಪು ಚುಕ್ಕಿ.

"ಜ್ವರ ಬಿಟ್ಟಿದ್ದಲ್ಲ ಅಜ್ಜಿ ಇದು, ಡೆಂಗ್ಯೂ ಥರ ಇದೆ! ಈಶಪ್ಪಾ, ಜೀಪ್ ತಿರುಗಿಸು! ಆಸ್ಪತ್ರೆಗೆ! ಬೇಗ!"

ಜೀಪು ಹಾರನ್ ಹೊಡ್ಕೊಂಡು ಲಾರಿಗಳ ಮಧ್ಯೆ ನುಗ್ತು. ಮರೆವ್ವನ ಕಾಲ ಹತ್ರ ಗಿಡದ ಚೀಲ. ಅದರ ಬಾಯಿಂದ ಚುಕ್ಕಿ ಬಿದ್ದ ಎಲೆಗಳು ಇಣುಕ್ತಿದ್ವು. ಅವಳು ಎಲೆ ನೋಡಿದ್ಳು, ಕೂಸಿನ ಕೈ ನೋಡಿದ್ಳು. ಆ ಕೈಯನ್ನ ಸೆರಗಲ್ಲಿ ಸುತ್ತಿ, ಚೀಲಾನ ಕಾಲಲ್ಲಿ ದೂರ ತಳ್ಳಿದ್ಳು.

"ಮೇಡಂ... ಚುಕ್ಕಿ ಬಂದದ್ದನ್ನೆಲ್ಲಾ ಸುಡೂದನ ಏನ್ರೀ?"