ಮೋಟಾರಿನ ಮಿಸ್ಡ್ ಕಾಲ್

ಶಾಂತಮೂರ್ತಿ ಚಾಚಿದ ಕಾಗದವನ್ನು ಶಂಕರಮ್ಮ ಕೈಯಲ್ಲಿ ಹಿಡಿಯಲೇ ಇಲ್ಲ. ಜಗಲಿಯ ಮೇಲಿಡಿ ಎಂದು ಕಣ್ಣಲ್ಲೇ ತೋರಿಸಿದಳು. ಗಾಳಿಗೆ ಹಾರದಿರಲೆಂದು ಗಂಡನ ಎಲೆಅಡಿಕೆ ತಟ್ಟೆಯನ್ನು ಅದರ ಮೇಲಿಟ್ಟಳು. ಅಲ್ಲೇ ಗೋಡೆಗೆ ಒರಗಿದ್ದ ಗಂಡ ಚಿಕ್ಕಮಾದಪ್ಪ ಅಡಿಕೆ ಜಗಿಯುತ್ತ ನೋಡುತ್ತಿದ್ದ.

ಶಾಗ್ಯ ಹಳ್ಳಿಯಲ್ಲಿ ಶಂಕರಮ್ಮನ ಹೊಲದ ಮೂಲೆಯಲ್ಲಿ ಮೊಬೈಲ್ ಟವರ್ ನಿಂತು ಹನ್ನೆರಡು ವರ್ಷ. ಹಳೆಯ ಕರಾರು ಮುಗಿದಿತ್ತು. ಟೂ ಜಿ ಇಳಿಸಿ ಫೈವ್ ಜಿ ಏರಿಸುತ್ತೇವೆ, ಒಪ್ಪಿ ಸಹಿ ಹಾಕಿ ಎಂದು ಕಂಪನಿಯವರು ಕೊಳ್ಳೇಗಾಲದಿಂದ ಈ ಶಾಂತಮೂರ್ತಿಯನ್ನು ಕಳಿಸಿದ್ದರು. ಟೂ ಜಿ ಅಂದರೆ ಎತ್ತಿನ ಗಾಡಿ, ಫೋರ್ ಜಿ ಬಸ್ಸು, ಫೈವ್ ಜಿ ವಿಮಾನ ಎಂದು ಅವನು ಬೆರಳು ಮಡಚಿ ಮಡಚಿ ವಿವರಿಸಿದ. ಶಂಕರಮ್ಮ ಕಂಸಾಳೆಯವರ ಪದ ಕೇಳುತ್ತ ಬೆಳೆದವಳು. ಹಾಡುವವರು ದಣಿದು ನಿಲ್ಲುವ ತನಕ ಅಡ್ಡ ಮಾತಾಡಿ ಗೊತ್ತಿಲ್ಲ. ಅವನು ನಿಲ್ಲಿಸಿದ ಮೇಲೆ ಕೇಳಿದಳು:

"ನಮ್ಮ ತೋಟಕ್ಕೆ ಇಲ್ಲೀಗಂಟ ಬಂದಿರೋದು ಆ ಗಾಡಿ ಒಂದೇ ಕಣಪ್ಪ. ನಿಮ್ಮ ಇಮಾನ ನಮ್ಮ ಮೋಟ್ರು ಎಬ್ಬಿಸ್ತದಾ?"

ಅದೇನು ದೊಡ್ಡ ಮಾತು ಎಂದು ಶಾಂತಮೂರ್ತಿ ನಕ್ಕ. ಎಬ್ಬಿಸಿದರೆ ಅಲ್ಲೇ ಸಹಿ ಎಂದಳು. ಅವನು ತಟ್ಟೆಯಡಿಯ ಕಾಗದ ಎಳೆದುಕೊಂಡು ಬೈಕು ಹತ್ತಿದ. ಅವಳು ಹಿಂದೆ ಕೂತಳು.

ಮೂರು ವರ್ಷದ ಹಿಂದೆ, ಕರೆಂಟು ಬಂತೆಂದು ಮೋಟಾರ್ ಹಾಕಲು ಕಾಡಂಚಿನ ಹಿಪ್ಪುನೇರಳೆ ತೋಟಕ್ಕೆ ಹೋದ ಚಿಕ್ಕಮಾದಪ್ಪನಿಗೆ ಆನೆ ಎದುರಾಗಿತ್ತು. ಸೊಂಡಿಲಿನ ಒಂದೇ ಏಟಿಗೆ ಸೊಂಟ ಹೋಯಿತು. ಅಂದಿನಿಂದ ಅವನು ಜಗಲಿಯಲ್ಲಿ, ಅವನ ಸಿಮ್ಮು ತೋಟದಲ್ಲಿ. ಮಗಳು ಶೃತಿ ಅದನ್ನು ಮೊಬೈಲ್ ಸ್ಟಾರ್ಟರಿನ ಡಬ್ಬಿಗೆ ಹಾಕಿಸಿಕೊಟ್ಟಿದ್ದಳು. ಮನೆಯಿಂದ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಏಳುತ್ತಿತ್ತು. ನೀರು ಹತ್ತಿದ ಮೇಲೆ ಡಬ್ಬಿಯೂ ತಿರುಗಿ ಒಂದು ಮಿಸ್ಡ್ ಕಾಲ್ ಕೊಡುತ್ತಿತ್ತು, ಪದ ಹೇಳುವವನಿಗೆ ಹಿಮ್ಮೇಳದವರು ಸೊಲ್ಲು ಕೊಟ್ಟ ಹಾಗೆ. ಆ ಸೊಲ್ಲು ಬರುವ ತನಕ ಶಂಕರಮ್ಮ ಫೋನಿನ ಮುಂದೆ ಕೈಮುಗಿದೇ ಕೂತಿರುತ್ತಿದ್ದಳು.

ಬೈಕು ರಸ್ತೆಯಲ್ಲೇ ನಿಂತಿತು. ಅಲ್ಲಿಂದ ಬದುವಿನ ಮೇಲೆ ನಡಿಗೆ. ಶಾಂತಮೂರ್ತಿ ದಾರಿಯುದ್ದಕ್ಕೂ ತನ್ನ ಫೋನು ನೋಡುತ್ತಲೇ ನಡೆದ. ಪಕ್ಕದೂರಿನ ಟವರಿನ ಫೈವ್ ಜಿ ಇಲ್ಲೂ ಫುಲ್ ಸಿಗ್ನಲ್, ಇಡೀ ಸಿನಿಮಾ ಒಂದು ನಿಮಿಷದಲ್ಲಿ ಇಳಿಯುತ್ತದೆ ಎಂದು ಹಿಂದೆ ಬರುತ್ತಿದ್ದವಳಿಗೆ ಹೇಳುತ್ತಿದ್ದ. ತೋಟದಲ್ಲಿ ಅವಳು ಬೀಗ ತೆಗೆದುಕೊಟ್ಟ ಡಬ್ಬಿ ಬಿಚ್ಚಿ, ಚಿಕ್ಕಮಾದಪ್ಪನ ಸಿಮ್ಮು ಕಿತ್ತು, ತನ್ನ ಹೊಸ ಸಿಮ್ಮು ಹಾಕಿದ. ಕೆಂಪು ದೀಪ ಮಿಟುಕಿತು. ಹಸಿರಾಗಲಿಲ್ಲ. ಒರೆಸಿ ಹಾಕಿದ, ತಿರುಗಿಸಿ ಹಾಕಿದ. ಅಷ್ಟರಲ್ಲಿ ನಾಲ್ಕು ಗಂಟೆಯ ತ್ರೀ ಫೇಸ್ ಕರೆಂಟು ಬಂತು. ಮೋಟಾರ್ ಮಾತ್ರ ಮಲಗಿಯೇ ಇತ್ತು.

"ಡಬ್ಬಿ ಹಳೇದು ಅಮ್ಮಾ, ಇದಕ್ಕೆ ಟೂ ಜಿ ಒಂದೇ ಗೊತ್ತಾಗೋದು, ಈ ಸಿಮ್ಮಲ್ಲಿ ಟೂ ಜಿ ಇಲ್ಲ," ಎಂದ ಕೊನೆಗೆ.

"ನಿಮ್ಮ ಕಂಪ್ನೀರು ಒಸಾದು ಕೊಟ್ಟಾರಾ?"

ಅದು ಕಂಪನಿಗೆ ಸೇರಿದ್ದಲ್ಲ ಎಂದು ಅವನು ತಲೆ ತುರಿಸಿಕೊಂಡ. ಆಮೇಲೆ ಏನೋ ಹೊಳೆದವನಂತೆ ಮೋಟಾರಿನ ಹಸಿರು ಗುಂಡಿ ತೋರಿಸಿದ. "ಅಲ್ಲೀಗಂಟ ಕೈಯಲ್ಲೇ ಒತ್ತಿ ಅಮ್ಮಾ. ರಸ್ತೆಯಿಂದ ಇನ್ನೂರು ಹೆಜ್ಜೆ, ಅಷ್ಟೇ ತಾನೆ?"

ಶಂಕರಮ್ಮ ಹಳೆಯ ಸಿಮ್ಮನ್ನು ಮೊದಲಿದ್ದ ಹಾಗೆ ಹಾಕುವಂತೆ ಸನ್ನೆ ಮಾಡಿದಳು. ದೀಪ ಹಸಿರಾಯಿತು. ಸೊಂಟದ ಚೀಲದಿಂದ ತನ್ನ ಗುಂಡಿ ಫೋನು ತೆಗೆದು ಒಂದು ಮಿಸ್ಡ್ ಕಾಲ್ ಕೊಟ್ಟಳು. ನೆಲದೊಳಗೆ ಏನೋ ಗೊರಗುಟ್ಟಿತು. ಪೈಪು ಎರಡು ಸಲ ಕೆಮ್ಮಿ ನೀರು ಉಗಿಯಿತು. ಹಿಂದೆಯೇ ಅವಳ ಕೈಯಲ್ಲಿ ಫೋನು ಒಂದು ಸಲ ಮೊಳಗಿ ಸುಮ್ಮನಾಯಿತು. ಪರದೆಯ ಮೇಲೆ ಶೃತಿ ಬರೆದಿಟ್ಟ ಹೆಸರು: ಯಜಮಾನ್ರು. ಶಂಕರಮ್ಮ ಫೋನನ್ನು ಕಣ್ಣಿಗೊತ್ತಿಕೊಂಡಳು.

ಆಮೇಲೆ ಕೈ ಚಾಚಿದಳು. ಸಹಿಗೇ ಇರಬೇಕೆಂದು ಶಾಂತಮೂರ್ತಿ ಕಾಗದದ ಜೊತೆ ಪೆನ್ನನ್ನೂ ಕೊಟ್ಟ. ಅವಳು ಪೆನ್ನು ಹಿಂದಕ್ಕೆ ಕೊಟ್ಟು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸ್ಟಾರ್ಟರಿನ ಡಬ್ಬಿಯೊಳಗೆ ಇಟ್ಟು ಬೀಗ ಹಾಕಿದಳು. ಬೀಗದ ಕೈ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಇಲ್ಲೇ ಮಡಗಿರ್ತೀನಿ. ನಿಮ್ಮ ಸಿಮ್ಮು ಈ ಮೋಟ್ರು ಎಬ್ಬಿಸಿದ ದಿನ ಬನ್ನಿ, ಸೈನು ಆಕ್ತೀನಿ. ಅಲ್ಲೀಗಂಟ ಟವರ್‌ನಲ್ಲಿ ಗಾಡೀನೇ ಓಡ್ಲಿ."

ನೀವು ಒಪ್ಪದಿದ್ದರೆ ಪಕ್ಕದ ಜಮೀನಿನವರು ಒಪ್ಪುತ್ತಾರೆ, ಕಾಲ ಯಾರಿಗೂ ಕಾಯುವುದಿಲ್ಲ ಎಂದು ಅವನು ಧ್ವನಿ ಏರಿಸಿದ.

"ಒಪ್ಪಲಿ ಬುಡಿ. ನನ್ನ ಜಮೀನಲ್ಲಿ ನಾನು ಒಪ್ಪಾಕಿಲ್ಲ."

ಅವನು ಫೋನು ಜೇಬಿಗೆ ತುರುಕಿ ಹೊರಟ. ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟ. ಬರುವಾಗ ಕಾಣದಿದ್ದದ್ದು ಈಗ ಬದುವಿನ ನಡುವೆ ಕಂಡಿತ್ತು: ಮೊರದಗಲ ಆನೆ ಲದ್ದಿ, ಅದರಾಚೆ ಮುರಿದು ಬಿದ್ದ ಹಿಪ್ಪುನೇರಳೆ ಕಡ್ಡಿ. ಅದು ಬೆಳಗಿನ ಜಾವದ್ದು, ಹಿಂಡು ಆಗಲೇ ಕಾಡು ಸೇರಿದೆ ಎಂದು ಶಂಕರಮ್ಮನಿಗೆ ಬರುವಾಗಲೇ ಗೊತ್ತಾಗಿತ್ತು. ಹೇಳಲಿಲ್ಲ.

"ಅಮ್ಮಾ," ಎಂದ ಶಾಂತಮೂರ್ತಿ, ತಿರುಗದೆಯೇ, ದನಿ ತಗ್ಗಿಸಿ. "ಬೈಕಿನ ತನಕ ಒಸಿ ಜೊತೇಲಿ ಬತ್ತೀರಾ?"

ಶಂಕರಮ್ಮ ನೀರಿಗೆ ದಾರಿ ಬಿಡಲು ಬಗ್ಗಿದ್ದಳು. ತಲೆ ಎತ್ತಲಿಲ್ಲ.

"ಇನ್ನೂರು ಹೆಜ್ಜೆ ತಾನೇ ಕಣಪ್ಪ. ಓಗ್ಬುಟ್ಟು ಬನ್ನಿ."