ಹದ್ದು ಕರೆದವರು

“ಏಯ್, ನಿಲ್ಲು! ಚೀಲ ಕೆಳಗಿಡು!”

ನಾಗಭೂಷಣ ಬೇಲಿಯ ಹೊರಬದಿಯಲ್ಲಿ ಓಡಿದ. ಪೊದೆಯ ಹತ್ತಿರ ಬಗ್ಗಿದ್ದ ಮುದುಕಿ ಮುನಿಗಂಗಮ್ಮ ಎದ್ದು ನಿಂತಳು. ಗೊಬ್ಬರದ ಚೀಲವನ್ನು ಮಾತ್ರ ಎದೆಗೆ ಅವಚಿಕೊಂಡಳು. ಕೊಳೆತ ಮಾಂಸದ ನಾತ ಮೂಗಿಗೆ ರಪ್ಪೆಂದು ಬಡಿಯಿತು. ಇನ್ನೇನು ಸಾಕ್ಷಿ ಬೇಕು?

ರಾಜಾನುಕುಂಟೆಯ ಆಚೆಗಿನ ಈ ಪುಟ್ಟ ವಿಮಾನತಾಣಕ್ಕೆ ದೊಡ್ಡ ವಿಮಾನಗಳು ಬರುವುದಿಲ್ಲ. ಹುಡುಗ ಹುಡುಗಿಯರು ಇಲ್ಲಿ ಹಾರಲು ಕಲಿಯುತ್ತಾರೆ. ಆಗೊಮ್ಮೆ ಈಗೊಮ್ಮೆ ರೋಗಿಯನ್ನು ಹೊತ್ತ ವಿಮಾನ ಇಳಿಯುತ್ತದೆ. ನಲವತ್ತು ವರ್ಷದಲ್ಲಿ ಒಂದೂ ಅಪಘಾತವಿರಲಿಲ್ಲ. ಸೆಕ್ಯೂರಿಟಿ ಸೂಪರ್‌ವೈಸರ್ ನಾಗಭೂಷಣ ಅದನ್ನು ತನ್ನದೇ ಸಾಧನೆ ಎನ್ನುವ ಹಾಗೆ ಹೇಳಿಕೊಂಡು ತಿರುಗುತ್ತಿದ್ದ. ಭಾನುವಾರ ಪಕ್ಕದ ಛತ್ರದಲ್ಲಿ ನಡೆದ ಬೀಗರೂಟದಲ್ಲಿ ಉಂಡು ಎದ್ದ ಮುನ್ನೂರು ಜನಕ್ಕೂ ಹೇಳಿ ಮೀಸೆ ತಿರುವಿದ್ದ. ರಜೆ ಮುಗಿಸಿ ಸೋಮವಾರ ಡ್ಯೂಟಿಗೆ ಬಂದನೋ ಇಲ್ಲವೋ, ಮೀಸೆ ಮಣ್ಣಾಯಿತು.

ಆ ಬೆಳಿಗ್ಗೆ ನಯನಾ ಎಂಬ ಕಲಿಯುವ ಹುಡುಗಿಯ ವಿಮಾನಕ್ಕೆ ಹದ್ದು ಬಡಿಯಿತು. ಗಾಜು ಒಡೆದು ಕಣ್ಣಿಗೆ ಚುಚ್ಚಿಕೊಂಡಿತು. ಪುಣ್ಯಾತ್ಗಿತ್ತಿ, ಒಂದೇ ಕಣ್ಣಲ್ಲಿ ವಿಮಾನ ಇಳಿಸಿದಳು. ಇನ್ನೊಂದು ಉಳಿಯುವುದು ಕಷ್ಟ ಅಂದರು ಡಾಕ್ಟರು. ಯಾರೋ ಬೇಲಿಯ ಆಚೆ ಮಾಂಸದ ಕಸ ಸುರಿದಿದ್ದಾರೆ, ಅದಕ್ಕೇ ಹದ್ದುಗಳು ಮುತ್ತಿವೆ ಎಂದರು ಎಲ್ಲರೂ.

“ಯಾರು ಅಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀವು ಬರ್ಬೇಡಿ ಕಣ್ರೀ,” ಅಂದರು ಮ್ಯಾನೇಜರ್ ವಿಜಯ್ ಕುಮಾರ್.

ಮಂಗಳವಾರ ಹುಡುಗಿಯ ತಂದೆ ಬಂದು ಆಫೀಸಿನಲ್ಲಿ ಕೂತರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾಚಿಕೆಯಿಂದ ನಾಗಭೂಷಣನಿಗೆ ತಲೆ ಎತ್ತಲಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಸ ಸುರಿದವರನ್ನು ಹಿಡಿದೇ ಈ ಮನುಷ್ಯನ ಎದುರು ನಿಲ್ಲುತ್ತೇನೆ ಎಂದು ಬೇಲಿ ಸುತ್ತಲು ಹೊರಟವನಿಗೆ ಈ ಮುದುಕಿ ಸಿಕ್ಕಳು.

ಸಿಗದೇ ಏನು? ಇವಳ ಎರಡು ಎಕರೆ ರಾಗಿ ಹೊಲ ರನ್‌ವೇಯ ಅಡಿಗೆ ಹೋಗಿತ್ತು. ಹೊಟ್ಟೆಯುರಿ ಇರದೆ ಇರುತ್ತದೆಯೇ?

ಅವಳನ್ನು ಆಫೀಸಿಗೆ ಎಳೆದುತಂದ. “ಹೊಲ ಹೋಯ್ತು ಅಂತ ಮಗು ಕಣ್ಣು ಕೀಳ್ತೀಯಾ? ಮಾನ ಮರ್ಯಾದೆ ಇಲ್ವಾ ನಿಂಗೆ?”

“ನಾನು ಆಕಿಲ್ಲ ಕಣಪ್ಪ. ಇನ್ನೊಂದು ಮಗೀಗೆ ಇಂಗಾಗ್ದೇ ಇರ್ಲಿ ಅಂತ ಆಯ್ಕೋತಿದ್ದೆ.”

“ಹಾಗಾದ್ರೆ ಹಾಕಿದ್ಯಾರು?”

ಮುನಿಗಂಗಮ್ಮ ಅವನ ಮುಖವನ್ನೇ ನೋಡಿದಳು. ಹುಡುಗಿಯ ತಂದೆಯನ್ನೂ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು.

“ಓಗ್ಲಿ, ನಾನೇ ಅಂತ ಬರ್ಕೊ. ಚೀಲ ಮಾತ್ರ ಬಿಚ್ಬ್ಯಾಡ ನಾಗಣ್ಣ. ನಿನ್ ಒಳ್ಳೇದಕ್ಕೇ ಯೋಳ್ತಿವ್ನಿ.”

“ಬೆದರಿಕೆ ಬೇರೆ ಹಾಕ್ತೀಯಾ!” ನಾಗಭೂಷಣ ಚೀಲ ಕಿತ್ತುಕೊಂಡು ಎಲ್ಲರೆದುರು ತಲೆಕೆಳಗು ಮಾಡಿದ. ಮೂಳೆ, ಕೋಳಿಗರಿ, ಎಂಜಲೆಲೆ ತುರುಕಿದ್ದ ಹಳದಿ ಬಟ್ಟೆಯ ಕೈಚೀಲಗಳು ನೆಲದ ಮೇಲೆ ಹರಡಿದವು. ಹುಡುಗಿಯ ತಂದೆ ಬಗ್ಗಿ ಒಂದನ್ನು ಎತ್ತಿಕೊಂಡರು. ಅದರ ಮೇಲೆ ಅಚ್ಚಾಗಿದ್ದುದನ್ನು ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಓದಿದರು.

“ನಮ್ಮ ಮಗಳು ಮೋನಿಕಾಳ ಮದುವೆಗೆ ಬಂದು ಹರಸಿದ್ದಕ್ಕೆ ವಂದನೆಗಳು. ಇಂತಿ, ನಾಗಭೂಷಣ, ಹುಣಸಮಾರನಹಳ್ಳಿ.”