ಮೂರನೆಯ ನಂಬರು

ಕಂಪ್ಯೂಟರಿನ ಪಕ್ಕ ಅವನು ಇಟ್ಟ ಕೊಡಲಿಯಿಂದ ರಕ್ತ ಇನ್ನೂ ತೊಟ್ಟಿಕ್ಕುತ್ತಿತ್ತು.

"ನನ್ನ ಮಗಳನ್ನ ಕೊಂದ ಹುಚ್ಚುನಾಯಿ ಯಾರದು, ಹೇಳ್ರಿ ಮೇಡಮ್ಮಾರ."

ಪ್ರಯೋಗಾಲಯದಲ್ಲಿ ಆ ವಿಜ್ಞಾನಿ ಒಬ್ಬಳೇ ಇದ್ದಳು. ಎದುರಿನ ಪರದೆಯ ಮೇಲೆ ಮೂರು ರೇಬೀಸ್ ವೈರಸ್‌ಗಳ ವಂಶವೃಕ್ಷ ಆಗಷ್ಟೇ ಮೂಡಿತ್ತು.

"ನನಗ ಯಾರೂ ಹೆಸರು ಹೇಳಂಗಿಲ್ಲರಿ. ಸ್ಯಾಂಪಲ್ಲಿಗೆ ಬರೇ ನಂಬರ ಕೊಡ್ತಾರ, ಯಾರ ಪರಾನೂ ವಾಲಬಾರದಂತ."

"ನನ್ನ ಹತ್ರ ಚೀಟಿ ಐತಿ. ಒಂದನೇದು ನನ್ನ ಮಗಳದು. ಎರಡನೇದು ಬಾಜೂ ಮನಿ ನಾಯೀದು, ಅದರ ತಲಿ ಕಡದು ತಂದು ಕೊಟ್ಟಾಂವ ನಾನ. ಆ ನಾಯಿ ಸಾಕಿದಾಂವನ್ನ ಈಗ ಮುಗಿಸಿ ಬಂದೇನಿ."

ಅವಳು ಪರದೆಯತ್ತ ಬೆರಳು ತೋರಿಸಿದಳು. "ಎರಡನೇದರ ವೈರಸ್ ಬ್ಯಾರೆ ಕಡೆಯಿಂದ ಬಂದದ್ದರಿ. ನಿಮ್ಮ ಮಗಳಿಗೆ ತಗಲಿದ್ದು ಅದಲ್ಲ. ವೈರಸ್ಸಿನ ಹನ್ನೆರಡು ಸಾವಿರ ಜೀನ್ ಅಕ್ಷರದಾಗ ಒಂದೂ ಬದಲಿಲ್ಲದಂಗ ಆಕೀದರ ಜೋಡಿ ಕೂಡೋದು ಮೂರನೇದು."

ಅವನು ಅವಳ ಜಡೆ ಹಿಡಿದು ಹಿಂದಕ್ಕೆ ಜಗ್ಗಿದ. ಕೊಡಲಿ ಅವಳ ಕುತ್ತಿಗೆಗೆ ತಾಗಿತು.

"ಮೂರನೇದು ಯಾರದು? ಅದನ್ನ ಸಾಕಿದಾಂವನೂ ಇವತ್ತ ಉಳಿಯಂಗಿಲ್ಲ. ನನ್ನ ಮಗಳ ಆಣಿ!"

"ರಿಜಿಸ್ಟರದಾಗ ಐತ್ರಿ."

"ಓದು!"

ಅವಳು ತಾನೆಂದೂ ತೆರೆಯದ ರಿಜಿಸ್ಟರನ್ನು ಮೇಜಿನ ಖಾನೆಯಿಂದ ತೆಗೆದು, ಪುಟ ತಿರುವಿ, ಸಾಲಿನ ಮೇಲೆ ಬೆರಳಿಟ್ಟು ಓದಿದಳು.

"ನಂಬರ್ ಮೂರು. ಹಾವು ಕಚ್ಚಿ ಸತ್ತಿತೆಂದು ಗಂಡ ಹೂಳಿದ್ದ ಸಾಕುನಾಯಿಯ ತಲೆ. ತಂದುಕೊಟ್ಟವರು, ಒಂದನೇ ನಂಬರಿನ ಹುಡುಗಿಯ ತಾಯಿ."